ಹಳೆಯ ಕವಾಟವರ್ಧಕವನ್ನು ಗುಜರಿಗೆ ಹಾಕಬೇಕೆ?

‘ವಾಲ್ವು’ ಎಂದೊಡನೆ ಇಂದಿನ ಕಾಲೇಜು ವಿದ್ಯಾರ್ಥಿಗೆ ಸೈಕಲ್ಲಿನ ಗಾಲಿಗೆ ಗಾಳಿ ತುಂಬುವ ಮೂತಿಯೋ ನೀರಿನ ಕೊಳವೆಯ ತಿರುಪೋ ನೆನಪಾಗುವುದು ಸಹಜ. ಆದರೆ ಮನೆಯಲ್ಲಿ ಅಜ್ಜನಿದ್ದರೆ ಅವರನ್ನು ಕೇಳಿ ನೋಡಿ. ಅವರು ಬಲ್ಲ ವಾಲ್ವೇ ಬೇರೆ. ರೇಡಿಯೋವಿನ ಬೆನ್ನಹಲಗೆಯ ರಂಧ್ರಗಳಿಂದ ನಸುಗೆಂಪಾಗಿ ಕಾಣುತ್ತಿದ್ದ, ಗುಂಡಿ ತಿರುಗಿಸಿದ ಅರ್ಧ ನಿಮಿಷಕ್ಕೆ ಕಾದು ಮಾತನಾಡತೊಡಗುತ್ತಿದ್ದ ಗಾಜಿನ ವಾಲ್ವು ಅದು. ಕನ್ನಡದಲ್ಲಿ ಇದನ್ನು ಕವಾಟವೆಂದರು. ಕವಾಟವೆಂದರೆ ಬಾಗಿಲು, ಒಂದೇ ಕಡೆಗೆ ತೆರೆಯುವ, ವಿದ್ಯುತ್ತಿನ ಬಾಗಿಲು. ರೇಡಿಯೋಗಳಿಂದ ಈ ಬಾಗಿಲು ಮಾಯವಾಗಿ ಬಹುಕಾಲವಾಯಿತು. ಒಂದು ಕಡೆ ಮಾತ್ರ ಅದು ಹಟ ಹಿಡಿದು ನಿಂತಿದೆ. ಗಿಟಾರ್ ವಾದಕರು ಬಳಸುವ ವರ್ಧಕದಲ್ಲಿ.

ಚಿಕ್ಕಬಾಣಾವರದ ಸುತ್ತಮುತ್ತ ಈಗ ಕಾಲೇಜುಗಳಿಗೆ ಬರವಿಲ್ಲ; ಕಾಲೇಜು ಇದ್ದಲ್ಲಿ ಗಿಟಾರು ಇರುವುದೂ ನಿಶ್ಚಯ. ಆದುದರಿಂದ ಇಂತಹ ಹಳೆಯ ವರ್ಧಕವೊಂದು ಆಗಾಗ ಯಾವುದಾದರೂ ಮನೆಯ ಅಟ್ಟದಿಂದ ಇಳಿದು ವಿದ್ಯಾರ್ಥಿಗಳ ಕೈಗೆ ಬರುವುದುಂಟು. ಬಂದಾಗಲೆಲ್ಲ ಅಧ್ಯಾಪಕರ ಕೊಠಡಿಯಲ್ಲಿ ನಾನು ಕೇಳಿರುವ ಸಲಹೆಗಳು ಎರಡೇ. ಪೀಣ್ಯದ ಗುಜರಿಯವನಿಗೆ ತೂಕಕ್ಕೆ ಕೊಟ್ಟುಬಿಡಿ, ಪರಿವರ್ತಕಗಳ ತಾಮ್ರಕ್ಕಾದರೂ ಬೆಲೆ ಬಂದೀತು ಎಂಬುದೊಂದು. ಒರಸಿ ಗಾಜಿನ ಬೀರುವಿನಲ್ಲಿಟ್ಟು ಪಕ್ಕದಲ್ಲೊಂದು ಚೀಟಿ ಅಂಟಿಸಿ ಎಂಬುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ಈ ಯಂತ್ರವನ್ನು ಬಳಸಬೇಕು. ಬಳಸುವುದಕ್ಕೆ ತಕ್ಕಂತೆ ದುರಸ್ತಿಯಲ್ಲಿಡಬೇಕು. ಆ ದುರಸ್ತಿಯ ಕೆಲಸದಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗೆ ಪಾಲು ಕೊಡಬೇಕು. ಇದು ನನ್ನ ವಾದ. ವಾದಕ್ಕೆ ಆಧಾರಗಳನ್ನು ವಾಚಕರ ಮುಂದಿಡುತ್ತೇನೆ.

ಮೊದಲು ನಮ್ಮ ನೆರೆಯ ಸಂಗತಿ. ಚಿಕ್ಕಬಾಣಾವರದ ರೈಲು ನಿಲ್ದಾಣದಿಂದ ಪೂರ್ವಕ್ಕೆ ಕೆಲವೇ ಮೈಲಿ ನಡೆದರೆ ಜಾಲಹಳ್ಳಿ. ಅಲ್ಲಿ ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಫ್ರಾನ್ಸಿನ ಸಿ.ಎಸ್.ಎಫ್. ಕಂಪೆನಿಯ ಸಹಕಾರದಿಂದ ಸ್ಥಾಪಿತವಾಯಿತು. ಸಂಪರ್ಕಸಾಧನಗಳಿಂದ ಮೊದಲುಗೊಂಡ ಈ ಕಾರ್ಖಾನೆಯು ೧೯೬೧ರಲ್ಲಿ ರೇಡಿಯೋ ಕವಾಟಗಳನ್ನು ತಯಾರಿಸತೊಡಗಿತು. ಗಾಜನ್ನು ಕಾಯಿಸಿ ಮುಚ್ಚಿ, ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಕೂದಲೆಳೆಯಂತಹ ತಂತಿಗಳನ್ನು ಅಳತೆ ತಪ್ಪದಂತೆ ಸುತ್ತಿ ನಿಲ್ಲಿಸುವ ಸೂಕ್ಷ್ಮ ಕೌಶಲವು ನಮ್ಮ ಊರಿನ ಕೈಗಳಿಗೆ ಬಂದ ಕಾಲ ಅದು. ವಿಚಿತ್ರವೆಂದರೆ ಅದರ ಮರುವರ್ಷವೇ, ೧೯೬೨ರಲ್ಲಿ, ಅದೇ ಆವರಣದಲ್ಲಿ ಜರ್ಮೇನಿಯಮ್ ಅರೆವಾಹಕಗಳ ತಯಾರಿಕೆಯೂ ಆರಂಭವಾಯಿತು. ಕವಾಟದ ತೊಟ್ಟಿಲಿನ ಪಕ್ಕದಲ್ಲಿಯೇ ಅದರ ದಾಯಾದಿಯ ತೊಟ್ಟಿಲನ್ನೂ ಕಟ್ಟಿದಂತಾಯಿತು! ಮುಂದೆ ದಾಯಾದಿಯೇ ಗೆದ್ದ ಕಥೆಯನ್ನು ಎಲ್ಲರೂ ಬಲ್ಲರು. ಜಾಲಹಳ್ಳಿಯಲ್ಲಿ ಈಗ ರೇಡಿಯೋ ಕವಾಟಗಳು ತಯಾರಾಗುವುದಿಲ್ಲ. ಆದರೆ ‘ಬಿಇಎಲ್’ ಎಂಬ ಮುದ್ರೆಯುಳ್ಳ ಇಎಲ್ ೮೪, ಇಸಿಸಿ ೮೩ ಮೊದಲಾದ ಕವಾಟಗಳನ್ನು ಪರದೇಶಗಳ ಗಿಟಾರ್ ವಾದಕರು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ಇಲ್ಲಿ ಹಳೆಯ ರೇಡಿಯೋ ಅಂಗಡಿಗಳು ಬಾಗಿಲು ಹಾಕುವಾಗ ರಟ್ಟಿನ ಪೆಟ್ಟಿಗೆ ಸಮೇತ ಕಸಕ್ಕೆ ಹೋಗುವ ವಸ್ತುವೂ ಅದೇ.

ಇನ್ನು ಕವಾಟದ ಒಳಗೆ ನಡೆಯುವುದೇನು ಎಂಬುದನ್ನು ನೋಡೋಣ. ಲೋಹವನ್ನು ಸಾಕಷ್ಟು ಕಾಯಿಸಿದರೆ ಅದರ ಮೈಯಿಂದ ಎಲೆಕ್ಟ್ರಾನುಗಳು, ಕುದಿಯುವ ನೀರಿನಿಂದ ಹಬೆ ಏಳುವಂತೆ, ಹೊರಕ್ಕೆ ಚಿಮ್ಮುತ್ತವೆ. ಈ ಉತ್ಸರ್ಜನೆಯು ಉಷ್ಣತೆಯೊಡನೆ ಹೇಗೆ ಏರುವುದೆಂಬ ನಿಯಮವನ್ನು ಕಂಡುಹಿಡಿದುದಕ್ಕಾಗಿ ರಿಚರ್ಡ್‌ಸನ್ನರಿಗೆ ೧೯೨೮ರ ನೊಬೆಲ್ ಪಾರಿತೋಷಕವು ದೊರೆಯಿತು. ಕವಾಟದ ನಡುವೆ ನಿಂತಿರುವ ಸಣ್ಣ ನಿಕ್ಕಲ್ ಕೊಳವೆಯೇ ಋಣಾಗ್ರ. ಅದರ ಮೇಲೆ ಬೇರಿಯಮ್ ಮತ್ತು ಸ್ಟ್ರಾನ್ಷಿಯಮ್ ಆಕ್ಸೈಡುಗಳ ಬಿಳಿಯ ಲೇಪವಿರುತ್ತದೆ. ಈ ಲೇಪದ ಮಹಿಮೆಯಿಂದ ಸುಮಾರು ೧೦೦೦ ಕೆಲ್ವಿನ್ ಉಷ್ಣತೆಯಲ್ಲಿಯೇ, ಎಂದರೆ ಮಂದವಾದ ಕೆಂಪು ಬಣ್ಣದಲ್ಲಿಯೇ, ಎಲೆಕ್ಟ್ರಾನುಗಳು ಧಾರಾಳವಾಗಿ ಹೊರಬರುತ್ತವೆ. ಸುತ್ತಲಿನ ಲೋಹದ ತಗಡು ಧನಾಗ್ರ. ಅದಕ್ಕೆ ೨೫೦ ಅಥವಾ ೩೦೦ ವೋಲ್ಟುಗಳ ಧನವಿಭವವನ್ನು ಕೊಟ್ಟಾಗ ಎಲೆಕ್ಟ್ರಾನುಗಳು ನಿರ್ವಾತದ ಮೂಲಕ ಅತ್ತ ಧಾವಿಸುತ್ತವೆ. ೧೯೦೪ರಲ್ಲಿ ಫ್ಲೆಮಿಂಗ್ ಅವರು ಮಾಡಿದ ಕವಾಟದಲ್ಲಿ ಇದ್ದುದು ಇಷ್ಟೆ. ೧೯೦೬ರಲ್ಲಿ ಡಿ ಫಾರೆಸ್ಟ್ ಅವರು ಈ ಎರಡರ ನಡುವೆ ಮೂರನೆಯದೊಂದನ್ನು ಸೇರಿಸಿದರು. ಅದೇ ಜಾಲರಿ. ಜಾಲರಿಯು ಋಣಾಗ್ರಕ್ಕೆ ಬಹು ಸಮೀಪದಲ್ಲಿರುವುದರಿಂದ ಅದರ ವಿಭವದ ಅತ್ಯಲ್ಪ ವ್ಯತ್ಯಾಸವೂ ದೂರದ ಧನಾಗ್ರದ ದೊಡ್ಡ ವ್ಯತ್ಯಾಸಕ್ಕೆ ಸಮನಾಗುತ್ತದೆ. ಇಸಿಸಿ ೮೩ರಲ್ಲಿ ಈ ಪ್ರಮಾಣವು ೧೦೦. ಜಾಲರಿಯ ೧ ವೋಲ್ಟು ಧನಾಗ್ರದ ೧೦೦ ವೋಲ್ಟಿಗೆ ಸರಿದೂಗುವುದು. ಮಂಡಲದಲ್ಲಿ ಕೂಡಿಸಿದಾಗ ನಿಜವಾಗಿ ದೊರೆಯುವ ವರ್ಧನೆಯು ೫೦-೬೦ರಷ್ಟಿರುತ್ತದೆ. ಗಿಟಾರಿನ ಸುರುಳಿಯಲ್ಲಿ ಹುಟ್ಟುವ ೦.೧ ವೋಲ್ಟಿನಷ್ಟು ಸಂಕೇತವು ಒಂದೇ ಮೆಟ್ಟಿಲಿನಲ್ಲಿ ೫ ವೋಲ್ಟಿಗೇರುತ್ತದೆ. ಇನ್ನೊಂದು ಮೆಟ್ಟಿಲು ದಾಟಿದರೆ ಕೊನೆಯ ಇಎಲ್ ೮೪ ಕವಾಟಗಳನ್ನು ತುಂಬಿಸಿ ಹೊರಚೆಲ್ಲುವಷ್ಟಾಗುತ್ತದೆ.

ಈ ‘ಹೊರಚೆಲ್ಲುವ’ ಮಾತೇ ಮುಖ್ಯವಾದುದು. ರೇಡಿಯೋವಿನ ವರ್ಧಕವು ತನಗೆ ಬಂದ ಸಂಕೇತವನ್ನು ಕೊಂಚವೂ ಕೆಡಿಸದೆ ದೊಡ್ಡದು ಮಾಡಿದರೆ ಅದನ್ನು ಉತ್ತಮವೆನ್ನುತ್ತೇವೆ. ಗಿಟಾರಿನ ವರ್ಧಕಕ್ಕೆ ಆ ಅಳತೆಗೋಲು ಒಪ್ಪುವುದಿಲ್ಲ. ವಾದಕನು ಬೇಕೆಂದೇ ಅದರ ಮೇಲೆ ಹೊರೆ ಹೇರಿ ಅಲೆಯ ನೆತ್ತಿಯನ್ನು ಚಪ್ಪಟೆಯಾಗಿಸುತ್ತಾನೆ. ಇಎಲ್ ೮೪ರ ಜಾಲರಿಯು ಋಣಾಗ್ರಕ್ಕಿಂತ ಸುಮಾರು ೧೦ ವೋಲ್ಟು ಕೆಳಗಿರುವುದೆಂದಿಟ್ಟುಕೊಳ್ಳೋಣ. ಸಂಕೇತವು ಅದನ್ನು ೧೦ ವೋಲ್ಟಿಗಿಂತ ಮೇಲಕ್ಕೆ ತಳ್ಳಿದೊಡನೆ ಜಾಲರಿಯೇ ಎಲೆಕ್ಟ್ರಾನುಗಳನ್ನು ಹೀರತೊಡಗುತ್ತದೆ. ಹಿಂದಿನ ಮೆಟ್ಟಿಲು ಆ ಹೊರೆಯನ್ನು ತಾಳಲಾರದೆ ಬಾಗುತ್ತದೆ. ಕೆಳಮುಖವಾಗಿ ತಳ್ಳಿದಾಗ ಪ್ರವಾಹವು ಸಣ್ಣಗಾಗುತ್ತ ಸಾಗಿ ಕೊನೆಗೆ ನಿಲ್ಲುತ್ತದೆ. ಎರಡು ಕಡೆಯ ಮಿತಿಗಳ ಸ್ವಭಾವವೂ ಒಂದೇ ಅಲ್ಲ, ಎರಡೂ ಒಮ್ಮೆಗೇ ಬರುವುದಿಲ್ಲ. ಅಲೆಯ ಅಂಚು ಕತ್ತರಿಸಿದಂತಿರದೆ ಸವೆದಂತಿರುತ್ತದೆ. ಗಣಿತದ ಮಾತಿನಲ್ಲಿ ಹೇಳುವುದಾದರೆ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು ಕಂಪನಗಳುಳ್ಳ ಅಧಿಸ್ವರಗಳು ಸೇರುತ್ತವೆ. ಸೆಕೆಂಡಿಗೆ ೧೧೦ ಕಂಪನಗಳ ತಂತಿಯನ್ನು ಷಡ್ಜವೆಂದು ಭಾವಿಸಿದರೆ ೨೨೦ ಮೇಲಿನ ಷಡ್ಜ, ೩೩೦ ಅದರ ಪಂಚಮ. ಕಿವಿಗೆ ಹಿತವಾದ ನೆರೆಹೊರೆಯೇ ಸರಿ.

ನಮ್ಮ ಸಂಗೀತಗಾರರಿಗೆ ಇದು ಹೊಸ ಸಂಗತಿಯಲ್ಲ. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ, ನೂಲೆಳೆಯನ್ನಿಟ್ಟು ‘ಜೀವ’ ಕೂಡಿಸುವುದನ್ನು ವಾಚಕರು ನೋಡಿರಬಹುದು. ಆ ನೂಲು ಇಲ್ಲದಿದ್ದರೆ ತಂಬೂರಿ ಮೊಂಡಾಗಿ ನುಡಿಯುತ್ತದೆ; ಇದ್ದರೆ ಅಧಿಸ್ವರಗಳೆಲ್ಲ ಎದ್ದು ಗಾಂಧಾರವು ತಾನಾಗಿ ಕೇಳಿಬರುತ್ತದೆ. ಮುಂದೆ ಬೆಂಗಳೂರಿನವರೇ ಆದ ಸರ್ ಸಿ. ವಿ. ರಾಮನ್ನರು ಕಲ್ಕತ್ತೆಯಲ್ಲಿದ್ದಾಗ, ೧೯೨೧ರಲ್ಲಿ, ವೀಣೆ ಮತ್ತು ತಂಬೂರಿಗಳ ಕುದುರೆಯ ಈ ವಿಶೇಷವನ್ನು ಕುರಿತು ಪ್ರಬಂಧವನ್ನು ಬರೆದರು. ತಂತಿಯ ಶುದ್ಧ ಚಲನೆಗೆ ಬೇಕೆಂದೇ ಒಡ್ಡುವ ಅಡ್ಡಿಯು ವಾದ್ಯದ ಗುಣವೇ ಆಗುವುದೆಂದ ಮೇಲೆ ಗಿಟಾರ್ ವರ್ಧಕದ ‘ದೋಷ’ವನ್ನು ದೋಷವೆನ್ನಲು ನನಗೆ ಮನಸ್ಸು ಬಾರದು. ಅದು ಯಂತ್ರವೆನಿಸಿಕೊಳ್ಳುವುದಕ್ಕಿಂತ ವಾದ್ಯದ ಅರ್ಧಭಾಗ.

ಇಲ್ಲಿಗೇ ನಿಲ್ಲಿಸಿದರೆ ಕವಾಟದ ಭಕ್ತರು ಸಂತೋಷಪಡುವರು. ಆದರೆ ಅವರು ಹೇಳುವುದೆಲ್ಲ ನಿಜವಲ್ಲ. ‘ಕವಾಟವು ಸಮಸಂಖ್ಯೆಯ ಅಧಿಸ್ವರಗಳನ್ನು ಮಾತ್ರ ಕೊಡುತ್ತದೆ, ಟ್ರಾನ್ಸಿಸ್ಟರು ಬೆಸಸಂಖ್ಯೆಯವನ್ನು ಕೊಡುತ್ತದೆ, ಅದಕ್ಕೇ ಒಂದು ಮಧುರ ಇನ್ನೊಂದು ಕರ್ಕಶ’ ಎಂಬ ಮಾತು ಮಂತ್ರದಂತೆ ಬಾಯಿಂದ ಬಾಯಿಗೆ ಸಾಗಿದೆ. ಒಂಟಿ ಕವಾಟದ ಮೆಟ್ಟಿಲಿಗೆ ಇದು ಬಹುಮಟ್ಟಿಗೆ ಸಲ್ಲುತ್ತದೆ. ಆದರೆ ಹೆಚ್ಚಿನ ಗಿಟಾರ್ ವರ್ಧಕಗಳ ಕೊನೆಯಲ್ಲಿ ಎರಡು ಕವಾಟಗಳು ಗರಗಸ ಎಳೆಯುವ ಇಬ್ಬರಂತೆ ಎದುರುಬದುರಾಗಿ ದುಡಿಯುತ್ತವೆ. ಈ ಜೋಡಣೆಯಲ್ಲಿ ಅಲ್ಲಿ ಹುಟ್ಟಿದ ಸಮಸಂಖ್ಯೆಯ ಅಧಿಸ್ವರಗಳು ಪರಸ್ಪರ ಕಳೆದುಹೋಗಿ, ಬೆಸಸಂಖ್ಯೆಯವೇ ಉಳಿಯುತ್ತವೆ. ಮಂತ್ರ ಹೇಳುವವರು ಇದನ್ನು ಗಮನಿಸುವುದಿಲ್ಲ. ೧೯೭೩ರಲ್ಲಿ ಹ್ಯಾಮ್ ಎಂಬವರು ಅಮೆರಿಕದ ಶ್ರವ್ಯತಂತ್ರಜ್ಞರ ಪತ್ರಿಕೆಯಲ್ಲಿ ಕವಾಟ ಮತ್ತು ಟ್ರಾನ್ಸಿಸ್ಟರುಗಳ ವ್ಯತ್ಯಾಸವು ಕಿವಿಗೆ ತಿಳಿಯುವುದೇ ಎಂದು ಚರ್ಚಿಸಿದಾಗಲೂ ಅವರು ಒತ್ತಿ ಹೇಳಿದುದು ಹೊರೆ ಮೀರಿದಾಗಿನ ವರ್ತನೆಯನ್ನೇ; ಸಾಧಾರಣ ಮಟ್ಟದಲ್ಲಿ ನುಡಿಸುವಾಗಿನ ಯಾವುದೋ ‘ಬೆಚ್ಚನೆಯ’ ಗುಣವನ್ನಲ್ಲ.

ಗಿಟಾರಿನವರು ಮೀರಿದ ಹೊರೆಯಲ್ಲಿ ಎರಡು ತಂತಿಗಳನ್ನು ಷಡ್ಜ-ಪಂಚಮವಾಗಿ ಕೂಡಿಸಿ ನುಡಿಸುವುದಕ್ಕೂ ಕಾರಣ ಭೌತಶಾಸ್ತ್ರದಲ್ಲಿದೆ. ವಕ್ರಗುಣವುಳ್ಳ ಯಾವ ಸಾಧನಕ್ಕೇ ಆಗಲಿ ಎರಡು ಸ್ವರಗಳನ್ನು ಒಟ್ಟಿಗೆ ಕೊಟ್ಟರೆ ಅವುಗಳ ಮೊತ್ತ ಮತ್ತು ವ್ಯತ್ಯಾಸಗಳ ಕಂಪನಸಂಖ್ಯೆಗಳೂ ಹುಟ್ಟುತ್ತವೆ. ೧೧೦ ಮತ್ತು ೧೬೫ ಕೂಡಿದಾಗ ೫೫ ಮತ್ತು ೨೭೫ ಹುಟ್ಟುವುವು. ಎಲ್ಲವೂ ೫೫ರ ಗುಣಿತಗಳೇ ಆದುದರಿಂದ ಒಂದೇ ಕುಟುಂಬದವರಂತೆ ಹೊಂದಿಕೊಳ್ಳುತ್ತವೆ, ಜೊತೆಗೆ ಕೆಳಗೊಂದು ಮಂದ್ರಷಡ್ಜವೂ ಪುಕ್ಕಟೆಯಾಗಿ ದೊರೆಯುತ್ತದೆ. ಅದೇ ಪಾಶ್ಚಾತ್ಯ ಸಮಪ್ರಮಾಣದ ಗಾಂಧಾರವನ್ನು, ಎಂದರೆ ೧೩೮.೬ನ್ನು, ಕೂಡಿಸಿದರೆ ವ್ಯತ್ಯಾಸವು ೨೮.೬, ಅದು ಯಾರ ನೆಂಟನೂ ಅಲ್ಲ. ಗದ್ದಲವೇ ಫಲ. ಕಾಗದ ಪೆನ್ಸಿಲು ಹಿಡಿದು ಕೂಡಿಸಿ ಕಳೆಯಬಲ್ಲ ಹೈಸ್ಕೂಲ್ ವಿದ್ಯಾರ್ಥಿಯೂ ಇದನ್ನು ಲೆಕ್ಕಮಾಡಿ, ಆಮೇಲೆ ಕಿವಿಯಿಂದ ಪರೀಕ್ಷಿಸಬಹುದು. ಪಾಠ್ಯಪುಸ್ತಕದ ಯಾವ ಅಭ್ಯಾಸವು ಇಷ್ಟು ಬೇಗ ಉತ್ತರ ಕೊಡುತ್ತದೆ?

‘ಆದರೆ ಇದೆಲ್ಲವನ್ನೂ ಈಗ ಅಂಗೈಯಗಲದ ಗಣಕ ಮಾಡುವುದಲ್ಲ?’ ಎಂದು ಚುರುಕಾದ ವಿದ್ಯಾರ್ಥಿಯು ಕೇಳುವನು. ಮಾಡುತ್ತದೆ. ಕವಾಟವರ್ಧಕದ ಧ್ವನಿಯನ್ನು ಅಂಕಿಗಳಿಂದ ಅನುಕರಿಸುವ ಸಾಧನಗಳು ಎಷ್ಟು ಪಳಗಿವೆಯೆಂದರೆ, ಧ್ವನಿಮುದ್ರಣವನ್ನು ಕೇಳಿ ಇದು ಅದು ಎಂದು ನಿಶ್ಚಯಿಸುವುದು ಪಳಗಿದ ಕಿವಿಗೂ ಕಷ್ಟ. ಅವು ಹಗುರ, ವಿದ್ಯುತ್ತು ಕಡಮೆ ತಿನ್ನುತ್ತವೆ, ಕಾಯುವುದಿಲ್ಲ. ಎರಡು ಇಎಲ್ ೮೪, ಎರಡು ಇಸಿಸಿ ೮೩ ಇರುವ ವರ್ಧಕವಾದರೋ ತಾಪತಂತುಗಳಿಗೇ ಸುಮಾರು ೧೩ ವ್ಯಾಟು, ಕೊನೆಯ ಧನಾಗ್ರಗಳಲ್ಲಿ ೨೪ ವ್ಯಾಟಿನವರೆಗೆ ಶಾಖವಾಗಿ ಕಳೆಯುತ್ತದೆ. ೧೫ ವ್ಯಾಟಿನ ನಾದಕ್ಕಾಗಿ ೩೭ ವ್ಯಾಟಿನ ಒಲೆ! ಧ್ವನಿಯೊಂದೇ ಗುರಿಯಾಗಿದ್ದರೆ ನಾನು ಗಣಕವನ್ನೇ ಕೊಳ್ಳಿರೆನ್ನುವೆನು.

ನನ್ನ ಗುರಿ ಬೇರೆ. ಗಣಕದ ಚಿಪ್ಪಿನೊಳಗೆ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳಿವೆ. ಒಂದನ್ನೂ ಕಣ್ಣಿನಿಂದ ಕಾಣಲಾರೆವು, ಕೆಟ್ಟರೆ ಇಡಿಯಾಗಿ ಎಸೆಯಬೇಕು. ಕವಾಟವರ್ಧಕದಲ್ಲಿರುವ ಭಾಗಗಳು ನೂರರ ಆಸುಪಾಸು. ಇಡೀ ಮಂಡಲದ ಚಿತ್ರವು ಒಂದೇ ಹಾಳೆಯಲ್ಲಿ ಹಿಡಿಸುತ್ತದೆ. ಯಾವ ರೋಧದಲ್ಲಿ ಎಷ್ಟು ಪ್ರವಾಹವೆಂದು ಅಳೆಯಬಹುದು, ಅಳೆದುದು ಲೆಕ್ಕಕ್ಕೆ ತಾಳೆಯಾಗುವುದನ್ನು ನೋಡಬಹುದು. ಜೋಡಿ ಇಎಲ್ ೮೪ಗಳ ಋಣಾಗ್ರಗಳಿಂದ ನೆಲಕ್ಕೆ ೧೩೦ ಓಮಿನ ಒಂದೇ ರೋಧವನ್ನು ಜೋಡಿಸಿರುವುದು ಸಾಮಾನ್ಯ. ಅದರ ಮೇಲಿನ ವಿಭವವು ೧೦ ವೋಲ್ಟಾದರೆ ಪ್ರವಾಹವು ೭೭ ಮಿಲಿ ಆಂಪೇರು, ತಲೆಗೆ ಮೂವತ್ತೆಂಟು ಚಿಲ್ಲರೆ. ಧನಾಗ್ರದ ವಿಭವದಿಂದ ಗುಣಿಸಿದರೆ ಕವಾಟವು ತನ್ನ ೧೨ ವ್ಯಾಟಿನ ಮಿತಿಯೊಳಗಿದೆಯೇ ಇಲ್ಲವೇ ತಿಳಿಯುವುದು. ಓಮನ ನಿಯಮವನ್ನು ಪರೀಕ್ಷೆಗಾಗಿ ಉರುಹೊಡೆದವನಿಗೆ ಅದು ಒಂದು ವಸ್ತುವಿನ ಆಯುಷ್ಯವನ್ನು ಹೇಳಬಲ್ಲುದೆಂದು ಗೊತ್ತಾಗುವುದು ಇಂತಹ ಕಡೆಯಲ್ಲಿಯೇ. ನಮ್ಮ ಪ್ರಯೋಗಶಾಲೆಗಳಲ್ಲಿ ಮೂರಗ್ರ ಕವಾಟದ ಗುಣರೇಖೆಗಳನ್ನು ಬರೆಯುವ ಪ್ರಯೋಗವೊಂದಿತ್ತು. ಅದನ್ನು ಕೈಬಿಟ್ಟು ಎಷ್ಟೋ ವರ್ಷಗಳಾದುವು. ಉಪಕರಣಗಳು ಗುಜರಿಗೆ ಹೋದುವು. ಪಠ್ಯಕ್ರಮವು ಮುಂದುವರಿಯಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕವಾಟವು ಸತ್ತ ವಿದ್ಯೆ ಎಂಬ ಸಮಾಧಾನ ಮಾತ್ರ ಸುಳ್ಳು. ಆಸ್ಪತ್ರೆಯ ಕ್ಷಕಿರಣದ ನಳಿಕೆ, ಅಡುಗೆಮನೆಯ ಮೈಕ್ರೋವೇವ್ ಒಲೆಯ ಮ್ಯಾಗ್ನೆಟ್ರಾನು, ಉಪಗ್ರಹಗಳಲ್ಲಿ ಸಂಕೇತವನ್ನು ವರ್ಧಿಸುವ ಚಲದಲೆಯ ನಳಿಕೆ, ಇವೆಲ್ಲ ಕಾದ ಋಣಾಗ್ರ ಮತ್ತು ನಿರ್ವಾತಗಳ ಸಂತಾನವೇ. ರಕ್ಷಣಾ ಸಂಶೋಧನಾ ಇಲಾಖೆಯವರು ಸೂಕ್ಷ್ಮತರಂಗ ನಳಿಕೆಗಳಿಗಾಗಿಯೇ ಒಂದು ಸಂಶೋಧನಾಕೇಂದ್ರವನ್ನು ಕಟ್ಟಿದುದು ಮತ್ತೆಲ್ಲಿಯೂ ಅಲ್ಲ, ಅದೇ ಜಾಲಹಳ್ಳಿಯಲ್ಲಿ.

ಇಷ್ಟು ಹೊಗಳಿದ ಮೇಲೆ ಭಯಪಡಿಸುವ ಮಾತನ್ನೂ ಹೇಳಬೇಕು. ಈ ಯಂತ್ರವು ಕೊಲ್ಲಬಲ್ಲುದು. ಚಾವಣಿಯ ಕೆಳಗೆ ೩೦೦ ವೋಲ್ಟಿಗೂ ಮಿಕ್ಕ ನೇರವಿದ್ಯುತ್ತಿರುತ್ತದೆ. ಗೋಡೆಯ ತಂತಿಯನ್ನು ಕಿತ್ತ ಮಾತ್ರಕ್ಕೆ ಅದು ಹೋಗುವುದಿಲ್ಲ. ರೇಡಿಯೋ ರಿಪೇರಿಯವರು ಕಂಡೆನ್ಸರುಗಳೆಂದು ಕರೆಯುವ ಸಂಗ್ರಾಹಕಗಳಲ್ಲಿ ಉಳಿದಿರುತ್ತದೆ. ೪೦ ಮೈಕ್ರೋಫ್ಯಾರಡಿನ ಸಂಗ್ರಾಹಕವು ೩೫೦ ವೋಲ್ಟಿನಲ್ಲಿ ಸುಮಾರು ೨.೪೫ ಜೌಲುಗಳನ್ನು ಹಿಡಿದಿಡುತ್ತದೆ. ಹೃದಯದ ಮೂಲಕ ಹಾಯ್ದರೆ ಇಷ್ಟನ್ನು ಅಲ್ಪವೆನ್ನಲಾಗದು. ೧೦೦ ಕಿಲೋ ಓಮಿನ, ೫ ವ್ಯಾಟಿನ ರೋಧವೊಂದಕ್ಕೆ ಹೊದಿಕೆಯುಳ್ಳ ತಂತಿಗಳನ್ನು ಬೆಸೆದು ಆ ಸಂಗ್ರಾಹಕದ ಎರಡು ತುದಿಗಳಿಗೂ ಸೇರಿಸಿ ಹಿಡಿದರೆ ಕಾಲಾಂಕವು ೪ ಸೆಕೆಂಡು. ೨೦ ಸೆಕೆಂಡುಗಳಲ್ಲಿ ೩೫೦ ವೋಲ್ಟು ಎರಡೂವರೆ ವೋಲ್ಟಿಗೂ ಕೆಳಗಿಳಿಯುತ್ತದೆ. ಆಮೇಲೂ ಮೀಟರಿನಿಂದ ಅಳೆದು ನೋಡಿಯೇ ಕೈಯಿಡಬೇಕು. ತಿರುಪುಳಿಯಿಂದ ಕಿಡಿ ಹಾರಿಸಿ ಖಾಲಿಮಾಡುವ ಶೌರ್ಯವು ರಿಪೇರಿ ಅಂಗಡಿಗಳಲ್ಲಿ ಕಾಣುವುದುಂಟು. ಅದರಿಂದ ಸಂಗ್ರಾಹಕವೂ ಕೆಡುತ್ತದೆ, ಕಣ್ಣೂ ಕೆಡಬಹುದು. ಶಕ್ತಿಯಿರುವಾಗ ಅಳೆಯಲೇಬೇಕಾಗಿ ಬಂದರೆ ಒಂದು ಕೈ ಜೇಬಿನಲ್ಲಿರಲಿ, ಪಕ್ಕದಲ್ಲಿ ಇನ್ನೊಬ್ಬರಿರಲಿ. ಹೈಸ್ಕೂಲಿನ ವಿದ್ಯಾರ್ಥಿಗಳು ಪೆಟ್ಟಿಗೆಯನ್ನು ತೆರೆಯಲೇಬಾರದು; ನೋಡುವುದಕ್ಕೆ, ಲೆಕ್ಕ ಮಾಡುವುದಕ್ಕೆ ಅವರಿಗೆ ಬೇಕಾದಷ್ಟಿದೆ. ಕಾಲೇಜಿನವರು ಬಲ್ಲವರ ಎದುರಿನಲ್ಲಿ ಮಾತ್ರ ತೆರೆಯಲಿ. ಈ ವಿಷಯದಲ್ಲಿ ನಾನು ರಾಜಿಗೆ ಸಿದ್ಧನಿಲ್ಲ.

ಆದಕಾರಣವೇ, ‘ಮೂಲಸ್ಥಿತಿ’ಯ ಪೂಜಾರಿಗಳೊಡನೆ ನನಗೆ ಜಗಳ. ಹಳೆಯ ವರ್ಧಕದ ಒಂದು ತಂತಿಯನ್ನು ಬದಲಿಸಿದರೂ ಅದರ ಬೆಲೆ ಹೋಯಿತೆಂದು ಗೋಳಾಡುವವರಿದ್ದಾರೆ. ಹಳೆಯ ವರ್ಧಕಗಳಲ್ಲಿ ಅನೇಕಕ್ಕೆ ಎರಡೇ ಎಳೆಗಳ ತಂತಿಯಿದೆ. ಒಳಗೆ ಎಲ್ಲಿಯೋ ಹೊದಿಕೆ ಸವೆದರೆ ಚಾವಣಿಗೂ, ಅಲ್ಲಿಂದ ಗಿಟಾರಿನ ತಂತಿಗೂ, ಅಲ್ಲಿಂದ ವಾದಕನ ಬೆರಳಿಗೂ ಮನೆಯ ವಿದ್ಯುತ್ತು ಹರಿಯುವುದು. ಮೂರೆಳೆಯ ತಂತಿ, ಚಾವಣಿಗೆ ಭದ್ರವಾಗಿ ಬಿಗಿದ ಭೂಸಂಪರ್ಕ, ಸರಿಯಾದ ಫ್ಯೂಸು, ಇವು ಮೊದಲ ದಿನದ ಕೆಲಸ. ಕಾಲೇಜುಗಳ ಸುತ್ತ ಬಾಡಿಗೆಗೆ ಕೊಡುವ ಕೋಣೆಗಳಲ್ಲಿ ಮೂರು ತೂತಿನ ಪ್ಲಗ್ಗು ಇರುತ್ತದೆ, ಮೂರನೆಯ ತೂತಿನ ಹಿಂದೆ ತಂತಿಯೇ ಇರದಿರುವುದೂ ಉಂಟು. ಅದನ್ನೂ ನೋಡಿಕೊಳ್ಳಬೇಕು. ಅನಂತರ ಸಂಗ್ರಾಹಕಗಳು. ಶಕ್ತಿಭಾಗದ ದ್ರವಸಂಗ್ರಾಹಕಗಳು ನಾಲ್ಕೈದು ದಶಕಗಳಲ್ಲಿ ಒಣಗಿಹೋಗಿರುತ್ತವೆ. ಗುಂಯ್ ಎಂಬ ಸದ್ದು ಅದರ ಮೊದಲ ಗುರುತು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಸಂಕೇತವನ್ನು ದಾಟಿಸುವ ಹಳೆಯ ಕಾಗದದ ಸಂಗ್ರಾಹಕಗಳು ಇನ್ನೂ ಕಪಟಿಗಳು. ಅವುಗಳ ರೋಧವು ಸೋರಿಕೆಯಿಂದ ೧೦೦ ಮೆಗ ಓಮಿಗೆ ಇಳಿದಿದೆಯೆನ್ನಿ. ೨೦೦ ವೋಲ್ಟಿನ ಒತ್ತಡದಲ್ಲಿ ಸೋರುವುದು ೨ ಮೈಕ್ರೋ ಆಂಪೇರು ಮಾತ್ರ. ಆದರೆ ಜಾಲರಿಯ ೦.೪೭ ಮೆಗ ಓಮಿನ ರೋಧದಲ್ಲಿ ಅದು ಹೆಚ್ಚುಕಡಮೆ ೧ ವೋಲ್ಟನ್ನು ಹುಟ್ಟಿಸಿ ಕವಾಟದ ಕಡಿವಾಣವನ್ನು ಸಡಿಲಿಸುತ್ತದೆ. ಸೋರಿಕೆ ಬೆಳೆದಂತೆ ಕವಾಟದ ತಗಡು ಕೆಂಪಾಗುತ್ತದೆ, ಕೊನೆಗೆ ಪರಿವರ್ತಕವೂ ಸುಡುತ್ತದೆ. ಐದಾರು ರೂಪಾಯಿಯ ಹೊಸ ಸಂಗ್ರಾಹಕವನ್ನು ಹಾಕಲೊಲ್ಲದೆ ಸಾವಿರಾರು ರೂಪಾಯಿಯ ಪರಿವರ್ತಕವನ್ನು ಬಲಿಕೊಡುವುದು ಎಂತಹ ಪುರಾತನಪ್ರೇಮ! ತೆಗೆದ ಭಾಗಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಪೆಟ್ಟಿಗೆಯ ತಳದಲ್ಲಿಟ್ಟರೆ ಇತಿಹಾಸಕ್ಕೂ ಅನ್ಯಾಯವಾಗದು.

ಬಹುಕಾಲ ಮಲಗಿದ್ದ ವರ್ಧಕಕ್ಕೆ ಒಮ್ಮೆಗೇ ಪೂರ್ತಿ ವಿದ್ಯುತ್ತು ಕೊಡಬಾರದು. ನಮ್ಮ ರೇಡಿಯೋ ರಿಪೇರಿಯವರ ‘ಸೀರೀಸ್ ಬಲ್ಬು’ ಇದಕ್ಕೆ ಸಾಕು. ೬೦ ವ್ಯಾಟಿನ ತಂತಿಬಲ್ಬನ್ನು ಸರಣಿಯಲ್ಲಿ ಕೂಡಿಸಿದರೆ, ಒಳಗೆ ಎಂತಹ ಮಂಡಲಭಂಗವಿದ್ದರೂ ಕಾಲು ಆಂಪೇರಿಗಿಂತ ಹೆಚ್ಚು ಹರಿಯದು. ಬಲ್ಬು ಮೊದಲು ಮಿನುಗಿ ಮಂದವಾದರೆ ಕ್ಷೇಮ. ಪ್ರಜ್ವಲಿಸುತ್ತಲೇ ಇದ್ದರೆ ತಂತಿಯನ್ನು ಕೀಳಬೇಕು. ಎಲ್‌ಇಡಿ ದೀಪದಿಂದ ಈ ಕೆಲಸ ಆಗದು. ಕಾದಾಗ ಏರುವ ತಂತಿಯ ರೋಧವೇ ಇದರ ಮರ್ಮ.

ಪೀಣ್ಯದ ಆಸುಪಾಸಿನವರು ಇನ್ನೊಂದನ್ನು ಗಮನಿಸಬೇಕು. ಸಂಜೆ ಯಂತ್ರಗಳು ನಿಂತು ಹೊರೆ ಇಳಿದಾಗ ಮನೆಯ ವೋಲ್ಟೇಜು ಏರುವುದು ಸಹಜ. ೨೨೦ ವೋಲ್ಟಿಗೆಂದು ಮಾಡಿದ ಪರಿವರ್ತಕಕ್ಕೆ ೨೪೦ ಕೊಟ್ಟರೆ ೬.೩ ವೋಲ್ಟು ಬಯಸುವ ತಾಪತಂತುವಿಗೆ ೬.೮೭ ಬೀಳುತ್ತದೆ, ಋಣಾಗ್ರದ ಲೇಪ ಬೇಗ ಸವೆಯುತ್ತದೆ. ಪರಿವರ್ತಕದಲ್ಲಿ ೨೪೦ರ ಕವಲಿದ್ದರೆ ಅದಕ್ಕೆ ಬದಲಿಸುವುದು ಒಳ್ಳೆಯದು. ಅಮೆರಿಕದಿಂದ ಬಂದ ವರ್ಧಕಕ್ಕೆ ೧೨೦ ವೋಲ್ಟಿಗೆ ಇಳಿಸಿಕೊಡುವ ಪರಿವರ್ತಕವೊಂದೇ ಸಾಲದು. ಅಲ್ಲಿ ಸೆಕೆಂಡಿಗೆ ೬೦ ಆವರ್ತಗಳು, ನಮ್ಮಲ್ಲಿ ೫೦. ಅದೇ ವೋಲ್ಟಿಗೆ ಕಬ್ಬಿಣದ ತಿರುಳಿನಲ್ಲಿ ಕಾಂತಪ್ರವಾಹವು ಐದರಲ್ಲೊಂದು ಪಾಲು ಹೆಚ್ಚುತ್ತದೆ. ಮಿತವಾಗಿ ಕಟ್ಟಿದ ಪರಿವರ್ತಕವಾದರೆ ಕಾದು ಕೆಡಬಹುದು. ಕೆಟ್ಟರೂ ನಮ್ಮವರಿಗೆ ಹತಾಶೆ ಬೇಡ. ಮೋಟಾರು, ಪರಿವರ್ತಕಗಳನ್ನು ಮರುಸುತ್ತುವ ಕುಶಲರು ಪೀಣ್ಯದ ಓಣಿಗಳಲ್ಲಿ ಇದ್ದಾರೆ. ಸ್ಪೀಕರಿಗೆ ಹೋಗುವ ಪರಿವರ್ತಕವನ್ನು ಕೊಡುವಾಗ ಮಾತ್ರ, ಬಿಚ್ಚುತ್ತ ಹೋದಂತೆ ಪದರಗಳನ್ನು ಎಣಿಸಿ ಅದೇ ಕ್ರಮದಲ್ಲಿ ಸುತ್ತಬೇಕೆಂದು ಕೈಮುಗಿದು ಹೇಳಬೇಕು. ೮೦೦೦ ಓಮನ್ನು ೮ ಓಮಿಗೆ ಹೊಂದಿಸುವ ೩೨ಕ್ಕೆ ೧ರ ಸುತ್ತುಗಳ ಪ್ರಮಾಣವೊಂದೇ ಅಲ್ಲ, ಎರಡು ಸುರುಳಿಗಳು ಪದರ ಪದರವಾಗಿ ಹೆಣೆದುಕೊಂಡಿರುವ ಬಗೆಯೂ ನಾದಕ್ಕೆ ಕಾರಣ. ಸ್ಪೀಕರನ್ನು ಕಿತ್ತಿಟ್ಟು ವರ್ಧಕವನ್ನು ನುಡಿಸಲೇಕೂಡದು. ಹೊರೆಯಿಲ್ಲದ ಸುರುಳಿಯಲ್ಲಿ ಏಳುವ ವಿಭವವು ಹೊದಿಕೆಯನ್ನು ಸೀಳಿಹಾಕುತ್ತದೆ.

ಕವಾಟಗಳ ಸರಬರಾಜು ಇನ್ನೆಷ್ಟು ದಿನ ಎಂದು ಕೇಳುವವರಿದ್ದಾರೆ. ರಷ್ಯದ ಸರಾತೊವ್, ಸ್ಲೊವಾಕಿಯದ ಚಾಡ್ಸ, ಚೀನದ ಕೆಲವು ಊರುಗಳು, ಇಷ್ಟೇ ಕಡೆಗಳಿಂದ ಲೋಕದ ಗಿಟಾರ್ ವಾದಕರಿಗೆಲ್ಲ ಬಹುಪಾಲು ಕವಾಟಗಳು ಬರುತ್ತಿವೆ. ೨೦೨೨ರ ಮಾರ್ಚಿಯಲ್ಲಿ ರಷ್ಯದ ರಫ್ತಿಗೆ ಕೆಲಕಾಲ ತಡೆಬಿದ್ದಾಗ ಬೆಲೆಗಳು ಏರಿದುವು. ಆ ಸುದ್ದಿಯನ್ನು ಓದಿದಾಗ ಜಾಲಹಳ್ಳಿಯ ಸಾಲುಗಳು ನೆನಪಾಗದಿರಲಿಲ್ಲ. ಕಾರ್ಖಾನೆಯನ್ನು ಮತ್ತೆ ತೆರೆಯಿರೆಂದು ನಾನು ಹೇಳಲಾರೆ, ಸುಮ್ಮನೆ ಬಾಯಿಚಪಲವಾದೀತು. ಆದರೆ ಆ ಸಾಲಿನಲ್ಲಿ ದುಡಿದು ನಿವೃತ್ತರಾದವರು ಜಾಲಹಳ್ಳಿ, ದಾಸರಹಳ್ಳಿ, ಚಿಕ್ಕಬಾಣಾವರಗಳ ಮನೆಗಳಲ್ಲಿ ಇನ್ನೂ ಇರುವುದು ಸಾಧ್ಯ. ಋಣಾಗ್ರಕ್ಕೆ ಲೇಪ ಹೇಗೆ ಬಳಿಯುತ್ತಿದ್ದರು, ನಿರ್ವಾತವನ್ನು ಹೇಗೆ ಪರೀಕ್ಷಿಸುತ್ತಿದ್ದರು, ಎಷ್ಟರಲ್ಲಿ ಎಷ್ಟು ತಿರಸ್ಕೃತವಾಗುತ್ತಿತ್ತು, ಇದನ್ನೆಲ್ಲ ಅವರ ಬಾಯಿಂದ ಕೇಳಿ ಕನ್ನಡದಲ್ಲಿ ಬರೆದಿಡಲು ಒಂದು ಬೇಸಗೆಯ ರಜೆ ಸಾಕು. ೧೯೩೫ರಲ್ಲಿ ಮೈಸೂರಿನ ಪ್ರಾಧ್ಯಾಪಕ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ೩೦ ವ್ಯಾಟಿನ ಪ್ರೇಷಕವನ್ನಿಟ್ಟು ‘ಆಕಾಶವಾಣಿ’ಯನ್ನು ಮೊಳಗಿಸಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಅದು ಇಂದಿನ ದೊಡ್ಡದೊಂದು ಗಿಟಾರ್ ವರ್ಧಕದಷ್ಟೇ ಶಕ್ತಿ. ಆ ಪ್ರೇಷಕದ ಬಿಸಿ ಕವಾಟಗಳನ್ನು ಬದಲಿಸುತ್ತಿದ್ದವರು ಯಾರೆಂದು ಯಾರೂ ಕೇಳಲಿಲ್ಲ.

ಕಡೆಗೆ, ಕೆಲಸ ಮಾಡುತ್ತಿರುವ ಕವಾಟವನ್ನು ಸುಮ್ಮಸುಮ್ಮನೆ ಬದಲಿಸಬೇಡಿ. ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ಸ್ಪೀಕರಿನಲ್ಲಿ ನುಡಿದರೆ ಒಳಗಿನ ಭಾಗ ಸಡಿಲಿದೆಯೆಂದು ತಿಳಿಯಿರಿ. ಗಾಜಿನ ತಲೆಯ ಒಳಮೈಗೆ ಅಂಟಿರುವ ಕನ್ನಡಿಯಂತಹ ಕಲೆಯು ಬೇರಿಯಮ್ಮಿನದು. ಉಳಿದ ಅನಿಲವನ್ನು ನುಂಗಲೆಂದು ಇಟ್ಟ ಕಾವಲುಗಾರ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಕವಾಟವು ತೀರಿಹೋಗಿದೆ. ಹಾಗೆ ತೀರಿದುದನ್ನೂ ಎಸೆಯಬೇಕಾಗಿಲ್ಲ. ದಪ್ಪ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಗಾಜನ್ನು ಒಡೆದು, ಬಿಳಿಯ ಲೇಪವನ್ನು ಬರಿಗೈಯಿಂದ ಮುಟ್ಟದೆ, ಭೂತಗನ್ನಡಿಯ ಕೆಳಗಿಟ್ಟು ಜಾಲರಿಯ ಸುತ್ತುಗಳನ್ನು ಎಣಿಸಿ ನೋಡಿ. ನಮ್ಮ ತರಗತಿಯಲ್ಲಿ ಎಣಿಸತೊಡಗಿದವರಿಗೆ ಗಂಟೆ ಬಾರಿಸಿದ್ದು ಕೇಳಿಸಲಿಲ್ಲ.